ಚಪ್ಪಲಿಗೆ ಕಾಲು ತಡಕಿದ ಮೂರು ಸೆಕೆಂಡು

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಆಯುಧಪೂಜೆಯ ದಿನ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಆಮೇಲೆ ಎಲ್ಲರೂ ಕೇಳಿದರು. ನಮ್ಮ ಮಗ್ಗದ ಶೆಡ್ಡಿನಲ್ಲಿ ಒಂದು ಗೋಡೆ ಗಡಿಯಾರವಿದೆ. ವರ್ಷವಿಡೀ ಎಂಟು ಪವರ್‌ಲೂಮ್‌ಗಳ ಗದ್ದಲದಲ್ಲಿ ಅದಕ್ಕೊಂದು ಸದ್ದಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅಂದು ಪೂಜೆಗೆಂದು ಮಗ್ಗಗಳೆಲ್ಲ ನಿಂತಿದ್ದವು. ಟಿಕ್ ಟಿಕ್ ಕೇಳಿಸಿ ತಲೆಯೆತ್ತಿ ನೋಡಿದೆ. ಹನ್ನೊಂದು ನಲವತ್ತು. ಆಗಲೇ ಹೊರಗೆ ಓಣಿಯಲ್ಲಿ ಮೊಪೆಡ್ ಒಂದು ಬಿದ್ದ ಸದ್ದು, ಹಿಂದೆಯೇ ಹೆಂಗಸೊಬ್ಬಳ ಕೂಗು.

ನಮ್ಮದು ಕರುಮತ್ತಂಪಟ್ಟಿಯ ಹತ್ತಿರದ ಊರು. ತಲೆಮಾರುಗಳಿಂದ ನೇಯ್ಗೆಯ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪ ಅಮ್ಮ ನಾನು ಚಿಕ್ಕವಳಿರುವಾಗಲೇ ಹೋದರು. ಬೆಳೆಸಿದ್ದು, ಎಂ.ಎಸ್ಸಿ. ಫಿಸಿಕ್ಸ್‌ವರೆಗೆ ಓದಿಸಿದ್ದು ಚಿಕ್ಕಪ್ಪ. ಈಗ ತಿರುಪ್ಪೂರಿನ ಕಡೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕನ್ನಡ ಅಕ್ಷರ ಕಲಿತದ್ದು ಮೈಸೂರಿನಲ್ಲಿ ಬಿ.ಎಡ್. ಮಾಡುವಾಗ. ನಮ್ಮ ಮನೆಯಲ್ಲಿ ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಚಿಕ್ಕಪ್ಪನ ಬಳಿ ಲೈಸೆನ್ಸ್ ಇದ್ದ ರಿವಾಲ್ವರ್ ಇತ್ತು. ಬಹಳ ಹಿಂದೆ ಕಾಂಗೇಯಂ ದಾರಿಯಲ್ಲಿ ಯಾರೋ ಅವರ ವ್ಯಾನು ಅಡ್ಡಗಟ್ಟಿ ತಲೆ ಒಡೆದಿದ್ದರು. ಆ ಗಾಯ ಮಾದ ಮೇಲೆ ಅರ್ಜಿ ಹಾಕಿ, ಎರಡು ವರ್ಷ ಕಲೆಕ್ಟರ್ ಕಚೇರಿಗೆ ಅಲೆದು ಪಡೆದದ್ದು. ದೂರ ಲೋಡು ಹೊಡೆಯುವಾಗ ಅದು ಅವರ ಸೊಂಟದಲ್ಲಿರುತ್ತಿತ್ತು. ಉಳಿದ ದಿನ ಬೀರುವಿನಲ್ಲಿ. ಚುನಾವಣೆ ಬಂದರೆ ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಡುವಾಗಲೆಲ್ಲ ಚಿಕ್ಕಮ್ಮ ಬಾಗಿಲಲ್ಲಿ ನಿಂತು, “ಒಂಟ್ಳಪ್ಪ ಮಗಳು ತವರಿಗೆ. ಎಷ್ಟು ತಿಂಗ್ಳಿಗೋ ಬರೋದು” ಎನ್ನುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅದು ನಮಗೆ ನಗೆಯ ವಸ್ತುವೇ ಆಗಿತ್ತು.

ವರ್ಷಕ್ಕೊಮ್ಮೆ ಅದು ಪೂಜೆಯ ಮಣೆಯ ಮೇಲೂ ಕೂರುತ್ತಿತ್ತು. ಲಾಳಿ, ಕತ್ತರಿ, ಸ್ಪ್ಯಾನರು, ವ್ಯಾನಿನ ಕೀ, ನನ್ನ ಕ್ಯಾಲ್ಕುಲೇಟರ್, ಅವುಗಳ ಸಾಲಿನಲ್ಲಿ ರಿವಾಲ್ವರ್. ಮಣೆಯ ಮೇಲಿಟ್ಟದ್ದನ್ನು ಮರುದಿನ ಬೆಳಿಗ್ಗೆ ಮರುಪೂಜೆ ಆಗುವವರೆಗೆ ಮುಟ್ಟುವಂತಿಲ್ಲ. ಇನ್ನೊಂದು ಕಟ್ಟಳೆಯೂ ನಮ್ಮ ಮನೆಯಲ್ಲಿದೆ: ಪೂಜೆಗೆ ಯಾವ ಆಯುಧವನ್ನೂ ಖಾಲಿ ಇಡಬಾರದು. ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರಬೇಕು. ಎಣ್ಣೆಡಬ್ಬಿಯಲ್ಲಿ ಎಣ್ಣೆ ಇರಬೇಕು. ಪ್ರತಿ ವರ್ಷ ಚಿಕ್ಕಪ್ಪ ರಿವಾಲ್ವರನ್ನು ಮಾತ್ರ ಸದ್ದಿಲ್ಲದೆ ಖಾಲಿಯೇ ಇಡುತ್ತಿದ್ದರು. ಈ ಸಲ ಅಜ್ಜಿ ಹಿಡಿದುಬಿಟ್ಟರು.

“ಒಳ್ಗೆ ಏನಾರ ಐತೇನೋ? ಬರೀ ಡಬ್ಬ ಇಕ್ಬೇಡ.”

“ಅವ್ವಾ, ಇದು ಲಾಳಿಯಲ್ಲ.”

“ಲಾಳಿಗೊಂದು ನ್ಯಾಯ, ಇದುಕ್ಕೊಂದು ನ್ಯಾಯವಾ? ದೇವ್ರ ಮುಂದೆ ಎಲ್ಲಾ ಒಂದೇ.”

ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ಏನ್ ಅಮ್ಮಣಿ, ಓದಿದೋಳು ನೀ ಏನ್ ಹೇಳ್ತೀಯ?”

ನಾನು ನಕ್ಕೆ. “ಇಕ್ಬುಡಿ ಚಿಕ್ಕಪ್ಪ. ಇಲ್ದಿದ್ರೆ ಅಜ್ಜಿ ಇವತ್ತು ನಿದ್ದೆ ಮಾಡಲ್ಲ.”

ಅವರು ಒಂದೊಂದಾಗಿ ಆರು ಗುಂಡು ತುಂಬಿದರು. ನಾನೇ ಅದರ ಹಿಡಿಗೆ ಗಂಧ ಹಚ್ಚಿ ಕುಂಕುಮ ಇಟ್ಟೆ.

ಪೂಜೆ ಮುಗಿದು ಕೆಲಸದವರು ಬೂದುಗುಂಬಳಕಾಯಿಯ ಒಳಗೆ ಕುಂಕುಮ ತುಂಬಿ, ದೃಷ್ಟಿ ತೆಗೆದು, ಓಣಿಯ ತಿರುವಿನಲ್ಲಿ ಒಡೆದರು. ಚೂರುಗಳನ್ನು ಬದಿಗೆ ಸರಿಸಬೇಕಿತ್ತು. ಪುರಿ ಕಡಲೆ ಹಂಚುವ ಸಂಭ್ರಮದಲ್ಲಿ ಯಾರೂ ಸರಿಸಲಿಲ್ಲ. ಹನ್ನೊಂದು ನಲವತ್ತಕ್ಕೆ ಆ ಚೂರುಗಳ ಮೇಲೆ ಜಾರಿ ಬಿದ್ದದ್ದು ಓಣಿಯ ಆಚೆಯ ತೆಂಗಿನ ತೋಟದವರ ಹೆಂಡತಿ.

ನಾನು ಮಣೆಯ ಪಕ್ಕದಿಂದ ಏಳುವುದರೊಳಗೆ ಎಲ್ಲರೂ ಹೊರಗೆ ಓಡಿದರು. ಚಿಕ್ಕಪ್ಪ ಒಂದು ಹೆಜ್ಜೆ ಓಡಿದವರು, ಆಸ್ಪತ್ರೆಗೆ ವ್ಯಾನು ಬೇಕಾಗುತ್ತದೆಂದು ಹೊಳೆದು ಮಣೆಯ ಕಡೆ ತಿರುಗಿದರು. ಕೀ ಅಲ್ಲಿತ್ತು. ಮರುಪೂಜೆ ಆಗಿರಲಿಲ್ಲ. ತೆಗೆಯಲೋ ಬೇಡವೋ ಎಂದು ಅವರ ಕೈ ಕೀಯ ಮೇಲೆ ತಡೆದು ನಿಂತದ್ದನ್ನು ನಾನು ನೋಡಿದೆ. ಆ ಅನುಮಾನವೊಂದು ಇಲ್ಲದಿದ್ದರೆ ಅವರು ಹೊರಗಿರುತ್ತಿದ್ದರು.

ಅಷ್ಟರಲ್ಲಿ ತೋಟದವರು ಬಾಗಿಲಿಗೆ ಬಂದರು. ಪ್ರತಿ ವರ್ಷ ನಮ್ಮ ಮನೆಯ ಪುರಿ ತಿನ್ನುವ ಮನುಷ್ಯ. ಕೈಯಲ್ಲಿ ತೆಂಗಿನ ಗರಿ ಕಡಿಯುವ ಮಚ್ಚು, ನಮ್ಮ ಕಡೆಯ ಮಾತಿನಲ್ಲಿ ಅರುವಾ. ಅದಕ್ಕೂ ಗಂಧ, ಕುಂಕುಮ. ಅವರ ಮನೆಯಲ್ಲೂ ಪೂಜೆಯಾಗಿತ್ತು. ಹೊಸಿಲಲ್ಲಿ ಒಂದು ಕ್ಷಣ ನಿಂತು, ಎರಡೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಇದನ್ನು ನಾನು ಕಂಡದ್ದು ಕಂಡಂತೆ ಬರೆಯುತ್ತಿದ್ದೇನೆ. ಕೊಲ್ಲುವ ಸಿಟ್ಟಿನಲ್ಲಿದ್ದ ಮನುಷ್ಯ ಪೂಜೆಯ ಜಾಗವೆಂದು ಚಪ್ಪಲಿ ಬಿಟ್ಟ.

“ಓಣಿ ನಿಮ್ಮಪ್ಪಂದಾ?” ಎಂದು ತಮಿಳಿನಲ್ಲಿ ಕೂಗಿದರು. “ಅವ್ಳ ಕೈ ಮುರಿದೋಯ್ತು! ನಿಂಗೆ ದೃಷ್ಟಿ ತೆಗೆಯೋಕೆ ನನ್ನ ಬಾಗ್ಲೇ ಸಿಕ್ತಾ?”

“ಅಣ್ಣಾ, ಕೀ ಎತ್ತೋಕೇ ಬಂದೆ, ಇರಿ ಅಣ್ಣಾ, ವ್ಯಾನು...”

ತೋಟದವರು ಮಚ್ಚು ಬೀಸಿದರು. ಚಿಕ್ಕಪ್ಪ ಹಿಂದೆ ಸರಿದರು. ಏಟು ಮಗ್ಗದ ಮರದ ಪಟ್ಟಿಗೆ ಬಿತ್ತು. ತೋಟದವರು ಅದನ್ನು ಮರದಿಂದ ಕಿತ್ತು ಎರಡನೇ ಸಲ ಎತ್ತಿದಾಗ ಚಿಕ್ಕಪ್ಪನ ಕೈಯಲ್ಲಿ ಕೀ ಇರಲಿಲ್ಲ, ರಿವಾಲ್ವರ್ ಇತ್ತು.

ತೋಟದವರು ಅದನ್ನು ನೋಡಿದರು. ಎತ್ತಿದ ಕೈ ಇಳಿಯಿತು. ಮುಖದ ಸಿಟ್ಟು ಹೋಗಿ ಏನೋ ನಾಚಿಕೆಯಂಥದ್ದು ಬಂತು. ಬೆನ್ನು ತಿರುಗಿಸಿ ಬಾಗಿಲಿಗೆ ನಡೆದರು. ಹೊಸಿಲಲ್ಲಿ ನಿಂತು, ತಲೆ ಬಗ್ಗಿಸದೆ, ಕಾಲಿನಿಂದಲೇ ಚಪ್ಪಲಿ ತಡಕಿದರು. ಒಂದು ಕಾಲಿಗೆ ಸಿಕ್ಕಿತು. ಇನ್ನೊಂದು ಪಕ್ಕಕ್ಕೆ ಸರಿದಿತ್ತು. ಒಂದು, ಎರಡು, ಮೂರು. ಗಡಿಯಾರ ಕೇಳಿಸುತ್ತಿತ್ತು. ಆಮೇಲೆ ಗುಂಡಿನ ಸದ್ದು.

ಗುಂಡು ಅವರ ತೊಡೆಯ ಹೊರಮಗ್ಗುಲನ್ನು ಸವರಿಕೊಂಡು ಬಾಗಿಲ ಪಕ್ಕದ ಮಗ್ಗದ ಹಾಸಿನ ಉರುಳೆಗೆ ನುಗ್ಗಿತು. ಹಾಸಿನ ಉರುಳೆ ಎಂದರೆ ಸಾವಿರಾರು ಎಳೆ ನೂಲನ್ನು ಬಿಗಿಯಾಗಿ ಸುತ್ತಿದ ದಪ್ಪ ದಿಂಡು. ಅದು ಗುಂಡನ್ನು ನುಂಗಿಕೊಂಡಿತು. ತೋಟದವರು ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಓಡಿದರು.

ಸದ್ದು ಕೇಳಿ ಬಂದ ಅಜ್ಜಿ ಮೊದಲು ನೋಡಿದ್ದು ಮಣೆಯನ್ನು. “ಮರುಪೂಜೆ ಆಗೋ ಮುಂಚೆ ಎತ್ಬುಟ್ಯಲ್ಲೋ!” ಎಂದು ಎದೆ ಬಡಿದುಕೊಂಡರು. ಪೊಲೀಸರಿಗೆ ಫೋನು ಮಾಡಿದ್ದು ಚಿಕ್ಕಪ್ಪನೇ. ಅವರು ಬರುವುದರೊಳಗೆ ಚಿಕ್ಕಮ್ಮ ಪೊರಕೆ ಹಿಡಿದು ಶೆಡ್ಡಿನ ಬಾಗಿಲು, ಓಣಿ ಎಲ್ಲ ಗುಡಿಸಿದ್ದರು. ಒಂಟಿ ಚಪ್ಪಲಿಯೂ ಕುಂಬಳದ ಚೂರುಗಳ ಜೊತೆ ಕಸಕ್ಕೆ ಹೋಯಿತು. ಬೇಕೆಂದೇ ಮಾಡಿದರೋ, ಗಾಬರಿಯಾದಾಗ ಗುಡಿಸುವುದು ಅವರ ಅಭ್ಯಾಸವೋ, ನಾನು ಕೇಳಿಲ್ಲ.

ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದಾಗ ಹೇಳಿದೆ: ಅವರು ಮಚ್ಚು ಬೀಸಿದರು, ಇನ್ನೊಮ್ಮೆ ಎತ್ತಿದರು, ಚಿಕ್ಕಪ್ಪ ಗುಂಡು ಹಾರಿಸಿದರು. “ಅಷ್ಟೇನಾಮ್ಮಾ?” ಎಂದರು. “ಅಷ್ಟೇ” ಎಂದೆ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಡುವೆ ಇದ್ದದ್ದನ್ನು ಬಿಟ್ಟಿದ್ದೆ. ಆ ‘ಅಷ್ಟೇ’ ಬಾಯಿಂದ ಬಿದ್ದ ಕೂಡಲೇ ಯಾರೋ ಹೊರಗಿನಿಂದ ಚಿಲಕ ಹಾಕಿದಂತಾಯಿತು.

ತೋಟದವರು ಆಸ್ಪತ್ರೆಯಿಂದಲೇ ದೂರು ಕೊಟ್ಟರು. ತಾನು ಹೊರಡಲು ತಿರುಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹೊಡೆದರು ಎಂದು. ಊರಿಗೆ ಊರೇ ನಕ್ಕಿತು. ಬಸ್ ನಿಲ್ದಾಣದಲ್ಲಿ ಯಾರೋ ನನ್ನ ಕಿವಿಗೆ ಬೀಳುವಂತೆಯೇ ಹೇಳಿದರು: “ಅರುವಾ ಹಿಡ್ಕೊಂಡು ಕಡಿಯೋಕೆ ಬಂದೋನು ಚಪ್ಪಲಿ ಬಿಟ್ಟು ಬಂದನಂತೆ! ಕಾಲೂ ತೊಳೆದಿದ್ನೋ ಏನೋ!” ಗಾಯ ಪಕ್ಕದಲ್ಲಿದ್ದದ್ದರಿಂದ ಅವರು ಯಾವ ಕಡೆ ಮುಖ ಮಾಡಿದ್ದರೆಂದು ವೈದ್ಯರೂ ಖಚಿತವಾಗಿ ಹೇಳಲಾರದೆ ಹೋದರು. ಕೆಲಸದವರೆಲ್ಲ ಹೊರಗಿದ್ದರು. ಆ ಮನುಷ್ಯ ನಿಜ ಹೇಳುತ್ತಿದ್ದಾನೆ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಎರಡೂ ಕಡೆ ಕೇಸಾಯಿತು. ಅವರ ಮೇಲೆ ಮಚ್ಚು ಹಿಡಿದು ನುಗ್ಗಿದ್ದಕ್ಕೆ, ಚಿಕ್ಕಪ್ಪನ ಮೇಲೆ ಕೊಲೆಯತ್ನಕ್ಕೆ. ಚಿಕ್ಕಪ್ಪ ಮೂರು ವಾರ ಜೈಲಿನಲ್ಲಿದ್ದರು. ಆ ದಿನಗಳಲ್ಲಿ ನಮ್ಮ ವಕೀಲರು ಮನೆಗೆ ಬಂದು ಪಡಸಾಲೆಯಲ್ಲಿ ಕೂತು ನನಗೆ ಕಾನೂನು ಬಿಡಿಸಿ ಹೇಳಿದರು. ಹೊಸ ನ್ಯಾಯ ಸಂಹಿತೆಯಲ್ಲೂ ಹಳೆಯದರಂತೆಯೇ ಆತ್ಮರಕ್ಷಣೆಯ ಹಕ್ಕಿದೆ. ಮೈಗೆ ಅಪಾಯವಿದೆ ಎಂದು ಯಾರಿಗಾದರೂ ಅನ್ನಿಸುವಂಥ ಸ್ಥಿತಿ ಬಂದ ಕ್ಷಣ ಅದು ಹುಟ್ಟುತ್ತದೆ. ಪ್ರಾಣಭಯವಿದ್ದರೆ ಎದುರಿನವನ ಪ್ರಾಣ ಹೋದರೂ ಅದು ಅಪರಾಧವಲ್ಲ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ, ಮತ್ತು ಅಪಾಯ ಹೋದ ಮೇಲೆ ಹೊಡೆಯುವಂತಿಲ್ಲ.

“ಕರೆಂಟ್ ಇದ್ದ ಹಾಗಮ್ಮ” ಎಂದರು ಅವರು. “ಭಯ ಇರೋ ತನಕ ಲೈನ್ ಇರುತ್ತೆ. ಭಯ ಹೋಯ್ತಾ, ಲೈನ್ ಕಟ್. ಆಮೇಲೆ ಮೋಟರ್ ಓಡ್ತು ಅಂದ್ರೆ ಕಳ್ಳ ಕರೆಂಟ್. ನಮ್ಮ ಕೆಲಸ ಏನು? ಸದ್ದು ಬರೋ ತನಕ ಲೈನ್ ಇತ್ತು ಅಂತ ತೋರಿಸೋದು.”

“ಅವರು ತಿರುಗಿದ್ದರೆ?”

ಅವರು ಕಾಫಿ ಲೋಟ ಕೆಳಗಿಟ್ಟರು. “ತಿರುಗಿದ್ನಾ?”

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಲೋಟ ಎತ್ತಿಕೊಂಡೆ. ವಕೀಲರು ಬ್ಯಾಗು ಎತ್ತಿಕೊಂಡು ನಿಧಾನವಾಗಿ ಹೇಳಿದರು: “ಸುಳ್ಳು ಹೇಳು ಅಂತ ನಾನು ಯಾವತ್ತೂ ಹೇಳಲ್ಲ. ಕೇಳದೆ ಇರೋದನ್ನ ಹೇಳ್ಬೇಡ. ಅಷ್ಟೇ.”

ಮತ್ತೆ ‘ಅಷ್ಟೇ’.

ಅವರು ಹೋದ ಮೇಲೆ ಚಿಕ್ಕಮ್ಮ ಹತ್ತಿರ ಬಂದರು. “ಅವ ಅರುವಾ ಬೀಸ್ಲಿಲ್ವಾ?”

“ಬೀಸಿದರು.”

“ಎರಡ್ನೇ ಸಲ ಎತ್ಲಿಲ್ವಾ?”

“ಎತ್ತಿದರು.”

“ಮತ್ತೆ ಏನ್ ಯೋಚ್ನೆ ಮಾಡ್ತಾ ಕೂತಿದೀಯ? ನಿಂಗೆ ಅನ್ನ ಇಕ್ಕಿದ ಕೈ ಅದು.”

ಲೈಸೆನ್ಸಿನ ಕಾಗದಗಳ ನಕಲನ್ನು ವಕೀಲರು ಬಿಟ್ಟುಹೋಗಿದ್ದರು. ಅಷ್ಟು ವರ್ಷ ಮನೆಯಲ್ಲಿದ್ದ ವಸ್ತುವಿನ ನಿಯಮಗಳನ್ನು ನಾನು ಮೊದಲ ಸಲ ಓದಿದೆ. ಸ್ವಂತ ರಕ್ಷಣೆಗೆಂದು ಇಟ್ಟುಕೊಳ್ಳಬಹುದು, ಒಯ್ಯಬಹುದು. ಎಲ್ಲರಿಗೂ ಕಾಣುವಂತೆ ಹಿಡಿದು ತಿರುಗುವಂತಿಲ್ಲ. ಜಾತ್ರೆಗೆ, ಮೆರವಣಿಗೆಗೆ, ಜನ ಸೇರುವ ಕಡೆಗೆ ಒಯ್ಯುವಂತಿಲ್ಲ. ಶಾಲೆ ಕಾಲೇಜಿನ ಆವರಣದೊಳಗೆ ಒಯ್ಯುವಂತಿಲ್ಲ. ಅಲ್ಲಿಗೆ ಬಂದಾಗ ನಿಂತೆ. ಹಿಂದಿನ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಚಿಕ್ಕಪ್ಪ ಲೋಡು ಇಳಿಸಿ ನೇರವಾಗಿ ಬಂದಿದ್ದರು. ನನ್ನ ತರಗತಿಯ ಮಕ್ಕಳ ನಾಟಕ ನೋಡಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದರು. ಕೈ ಎತ್ತಿದಾಗಲೆಲ್ಲ ಅಂಗಿಯ ಕೆಳಗೆ ಉಬ್ಬು ಕಾಣುತ್ತಿತ್ತು. ಆಗ ನನಗೆ ಹೆಮ್ಮೆಯೇ ಆಗಿತ್ತು. ಶೆಡ್ಡಿನ ಪೂಜೆಗೆ ಸೇರಿದ ಹದಿನಾಲ್ಕು ಜನ ‘ಜನ ಸೇರುವ ಕಡೆ’ ಆಗುತ್ತದೆಯೇ ಎಂದು ವಕೀಲರಿಗೆ ಫೋನು ಮಾಡಿ ಕೇಳಿದೆ. “ಅದು ಅವ್ರ ಸ್ವಂತ ಜಾಗ, ಅದಕ್ಕೆ ವಾದ ಇದೆ. ನೀ ಆ ಕಡೆ ತಲೆ ಕೆಡಿಸ್ಕೋಬೇಡ” ಎಂದು ನಕ್ಕರು. ಖಾಲಿ ಇಡಬಾರದೆಂಬ ಕಟ್ಟಳೆಯ ಬಗ್ಗೆ ಆ ಕಾಗದದಲ್ಲಿ ಏನೂ ಇರಲಿಲ್ಲ. ಅದಕ್ಕೆ ನಾನು ನಕ್ಕು ಒಪ್ಪಿಗೆ ಕೊಟ್ಟಿದ್ದೆ.

ಜಾಮೀನಿನ ಮೇಲೆ ಚಿಕ್ಕಪ್ಪ ಬಂದರು. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಠಾಣೆಯಲ್ಲಿ ಸಹಿ ಹಾಕಬೇಕು. ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದು. ಸಾಕ್ಷಿ ನಾನು. ಒಂದೇ ಒಲೆಯ ಅನ್ನ ತಿನ್ನುತ್ತ, ಒಂದೇ ಬಚ್ಚಲು ಬಳಸುತ್ತ, ನಾವಿಬ್ಬರೂ ಆ ಒಂದು ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಮಾತಾಡಿದೆವು. ಮೊಸರು ಹುಳಿಯಾಗಿದೆ. ಸೋಮನೂರಿನಿಂದ ನೂಲು ಬಂದಿಲ್ಲ. ಅವರು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ. ಹೊರಗೆ ಹೋದರೆ ಬಸ್ಸಿಗೆ ಇರುವುದು ಅದೇ ಓಣಿ. ಒಂದು ಬೆಳಿಗ್ಗೆ ತೋಟದವರ ಹೆಂಡತಿ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. “ಟೀಚರಮ್ಮಾ” ಎಂದರು ತಮಿಳಿನಲ್ಲಿ. “ಅವ್ರು ಮಾಡಿದ್ದು ತಪ್ಪೇ. ಅದಕ್ಕೆ ಜೈಲಿಗೆ ಹೋಗ್ಲಿ. ಆದ್ರೆ ಸುಳ್ಳುಗಾರ ಅಂತ ಜನ ನಗ್ತಾರಲ್ಲ, ಅದು ಬೇಡ. ನೀನು ಅಲ್ಲೇ ಇದ್ಯಲ್ಲಾ?” ಬಸ್ಸು ಬಂತೆಂದು ಓಡಿದೆ. ಬಸ್ಸು ಬಂದಿರಲಿಲ್ಲ.

ಮಲಗಿದರೆ ಗಡಿಯಾರ ಶುರುವಾಗುತ್ತಿತ್ತು. ಕೈ ಇಳಿಯಿತು, ತಿರುಗಿದರು, ಒಂದು ಚಪ್ಪಲಿ ಸಿಕ್ಕಿತು, ಒಂದು, ಎರಡು, ಮೂರು. ಪ್ರತಿ ಸಲ ಎರಡಕ್ಕೆ ಬಂದಾಗ ಕೂಗಬೇಕೆನ್ನಿಸುತ್ತಿತ್ತು. ಅಂದೂ ಕೂಗಲಿಲ್ಲ. ಕೂಗಲು ಸಮಯವಿತ್ತು.

ಪೊಲೀಸರು ಗುಂಡನ್ನು ಕಿತ್ತುಕೊಂಡು ಹೋಗಿ, ಮಗ್ಗ ಓಡಿಸಬಹುದೆಂದು ಹೇಳಿದ ಮೇಲೆ ಆ ಹಾಸನ್ನು ನೇಯಲು ಶುರುಮಾಡಿದೆವು. ಗುಂಡು ನಾಲ್ಕು ಬೆರಳು ಆಳ ಹೋಗಿತ್ತು. ಸುತ್ತಿದ ಹಾಸು ಬಿಚ್ಚುತ್ತ ಹೋದಂತೆ, ಉರುಳೆಯ ಒಂದೊಂದು ಸುತ್ತಿಗೂ ಅದೇ ಜಾಗದಲ್ಲಿ ತೂತು. ಒಂದೂವರೆ ಮೀಟರ್ ನೇಯುವುದರೊಳಗೆ ಹತ್ತಾರು ಎಳೆ ಕಡಿದು ಮಗ್ಗ ನಿಲ್ಲುತ್ತಿತ್ತು. ಗಂಟು ಹಾಕಿ ಓಡಿಸಿದರೆ ಮತ್ತೆ ಒಂದೂವರೆ ಮೀಟರ್, ಮತ್ತೆ ಅದೇ ಜಾಗ. ಕೆಲಸದವರು ಬೇಸತ್ತು ಆ ಮಗ್ಗ ಬಿಟ್ಟರು. ಚಿಕ್ಕಪ್ಪ ತಾವೇ ಕೂತರು. ಠಾಣೆಯಲ್ಲಿ ಸಹಿ ಹಾಕಿ ಬಂದು ಸಂಜೆಯವರೆಗೆ ಗಂಟು ಹಾಕುತ್ತಿದ್ದರು. ಹಾಸನ್ನು ಕಿತ್ತು ಬಿಸಾಡಿ ಎಂದು ಎಲ್ಲರೂ ಹೇಳಿದರು. ಅವರು ಕೇಳಲಿಲ್ಲ.

ಆ ಹೊತ್ತಿಗೆ, ನಾನು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕೆಂದು ಪೊಲೀಸರಿಂದ ಕಾಗದ ಬಂತು. ಅದಕ್ಕೆ ಎರಡು ದಿನ ಮುಂಚೆ, ಶನಿವಾರ, ಶಾಲೆಗೆ ಮಧ್ಯಾಹ್ನವೇ ರಜೆ ಎಂದು ಬಂದವಳು ಆ ಮಗ್ಗದ ಪಕ್ಕ ಕೂತು ಕಡಿದ ಎಳೆಗಳನ್ನು ಆರಿಸಿ ಅವರ ಬೆರಳಿಗೆ ಕೊಡತೊಡಗಿದೆ. ಚಿಕ್ಕವಳಿದ್ದಾಗ ಹೀಗೇ ಕೊಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹೇಳಿದೆ.

“ಚಿಕ್ಕಪ್ಪ, ಅವರು ಚಪ್ಪಲಿ ಬಿಟ್ಟೇ ಒಳಗೆ ಬಂದಿದ್ದರು.”

ಅವರ ಬೆರಳು ನಿಂತಿತು. “ಕೇಸಿನ ಮಾತು ಬೇಡ ಅಮ್ಮಣಿ. ವಕೀಲ್ರು ಹೇಳವ್ರೆ.”

“ಹೋಗುವಾಗ ಅದನ್ನೇ ಹುಡುಕುತ್ತಿದ್ದರು. ಆಗ ನೀವು...”

ಅವರು ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. “ಅವ್ನ ಕೈ ಮೇಲಿತ್ತು” ಎಂದರು. “ನಂಗೆ ಗೊತ್ತಿರೋದು ಅಷ್ಟೇ. ಕೈ ಮೇಲಿತ್ತು, ಆಮೇಲೆ ಸದ್ದು. ನಡುವೆ ಏನೂ ಇಲ್ಲ. ಕಾಂಗೇಯಂ ದಾರೀಲಿ ಹೊಡೆದ್ರಲ್ಲ, ಆವತ್ತಿಂದ ಯಾರು ಕೈ ಎತ್ತಿದ್ರೂ ನಂಗೆ ಅದು ಇಳಿಯೋದು ಕಾಣ್ಸಲ್ಲ.” ಆಮೇಲೆ, ಬೇರೆ ಯಾರದೋ ಸುದ್ದಿ ಕೇಳುವವರಂತೆ, “ಪೂಜೆ ಐತೆ ಅಂತ ಚಪ್ಪಲಿ ಬಿಟ್ನಾ?”

“ಹ್ಞೂಂ.”

“ಅವ ಅಂಗೇನೇ. ಯಾವತ್ತೂ ಅಂಗೇನೇ.” ಎಳೆಗೆ ಗಂಟು ಹಾಕಿ ತುದಿ ಕತ್ತರಿಸಿದರು. “ಇನ್ನೊಂದು ಎಳೆ ಕೊಡು.”

ಹೇಳು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಸೋಮವಾರ ನ್ಯಾಯಾಲಯಕ್ಕೆ ಒಬ್ಬಳೇ ಬಸ್ಸಿನಲ್ಲಿ ಹೋದೆ. ಕೋಣೆ ಚಿಕ್ಕದು. ಪೊಲೀಸರನ್ನು ಹೊರಗೆ ಕಳಿಸಿ ಮ್ಯಾಜಿಸ್ಟ್ರೇಟರು, ಯಾರಾದರೂ ಹೆದರಿಸಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಯಾರೂ ಹೆದರಿಸಿರಲಿಲ್ಲ, ಅದೇ ಕಷ್ಟವಾಗಿತ್ತು. ಆಮೇಲೆ ಯಾವುದನ್ನೂ ಬಿಡದೆ ಹೇಳಿದೆ. ಗುಂಡು ತುಂಬಿದ್ದು, ನಾನು ನಕ್ಕದ್ದು, ಕೀಯ ಮೇಲೆ ತಡೆದ ಕೈ, ಮಚ್ಚು ಬೀಸಿದ್ದು, ಇಳಿದ ಕೈ, ಒಂದು ಚಪ್ಪಲಿ. ಚಿಕ್ಕಮ್ಮ ಗುಡಿಸಿದ್ದನ್ನೂ ಹೇಳಿದೆ, ಪೊಲೀಸರಿಗೆ ‘ಅಷ್ಟೇ’ ಎಂದದ್ದನ್ನೂ.

“ಮೂರು ಸೆಕೆಂಡ್ ಅಂತ ಹೇಗೆ ಹೇಳ್ತೀರಿ?”

“ಗಡಿಯಾರ ಕೇಳಿಸುತ್ತಿತ್ತು ಸರ್.”

“ಆ ಮೂರು ಸೆಕೆಂಡ್ ನಿಮ್ಮ ಚಿಕ್ಕಪ್ಪ ಏನು ಮಾಡ್ತಿದ್ರು?”

ಅಷ್ಟು ದಿನ ಆ ದೃಶ್ಯವನ್ನು ಸಾವಿರ ಸಲ ಓಡಿಸಿದ್ದರೂ ನಾನು ಚಪ್ಪಲಿಯನ್ನೇ ನೋಡುತ್ತಿದ್ದೆ. ಈಗ ಮೊದಲ ಸಲ ಈಚೆ ಕಡೆ ನೋಡಿದೆ. ರಿವಾಲ್ವರ್ ಬಾಗಿಲ ಕಡೆಗಿತ್ತು, ಚಿಕ್ಕಪ್ಪನ ಮುಖ ಬಾಗಿಲ ಕಡೆಗಿರಲಿಲ್ಲ. ತಲೆಯನ್ನು ಭುಜದೊಳಗೆ ಎಳೆದುಕೊಂಡು, ಎಡಗೈಯಿಂದ ನೆತ್ತಿ ಮುಚ್ಚಿಕೊಂಡಿದ್ದರು. ಹಳೆಯ ಹೊಲಿಗೆಯ ಜಾಗ ಅದು. ಕಣ್ಣು ಮುಚ್ಚಿತ್ತು.

ಅದನ್ನೂ ಹೇಳಿದೆ. ಬರೆದುಕೊಂಡು ಓದಿ ಹೇಳಿದರು. ಸಹಿ ಹಾಕಿದೆ.

ನನ್ನ ಮಾತಿನಿಂದ ಚಿಕ್ಕಪ್ಪ ಉಳಿಯುತ್ತಾರೋ ಮುಳುಗುತ್ತಾರೋ ನನಗೆ ತಿಳಿಯದು. ವಕೀಲರಿಗೆ ಸಿಟ್ಟು ಬಂತು. “ತಿರುಗಿದ್ದ ಅಂದ್ಬಿಟ್ಟೆ, ಹೋಗ್ಲಿ. ಕಣ್ಣು ಮುಚ್ಚಿತ್ತು ಅನ್ನೋದನ್ನ ಇಟ್ಕೊಂಡು ಏನಾದ್ರೂ ನೋಡ್ಬೇಕು” ಎಂದರು. ಚಿಕ್ಕಪ್ಪನ ಭಯ ಹೋಗಿರಲಿಲ್ಲ, ಆದರೆ ಅಪಾಯ ಹೋಗಿತ್ತು. ಕಾನೂನು ಯಾವುದನ್ನು ಹಿಡಿಯುತ್ತದೆ ಎನ್ನುವುದಕ್ಕೆ ವಿಚಾರಣೆ ನಡೆಯಬೇಕು, ವರ್ಷಗಳಾಗಬಹುದು. ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟರು. ತಟ್ಟೆ ಇಡುತ್ತಿದ್ದರು, ಅನ್ನ ಬಡಿಸುತ್ತಿದ್ದರು, ಮಾತಿಲ್ಲ. ಊರಿನಲ್ಲಿ ನಗು ನಿಂತಿತು. ತೋಟದವರ ಗೇಟು ದಾಟುವಾಗ ಈಗ ಯಾರೂ ನನ್ನನ್ನು ಕೂಗುವುದಿಲ್ಲ.

ಹೇಳಿಕೆ ಕೊಟ್ಟ ರಾತ್ರಿಯೂ ನನಗೆ ನಿದ್ದೆ ಬರಲಿಲ್ಲ. ಮರುದಿನವೂ ಇಲ್ಲ. ನಿಜ ಹೇಳಿದರೆ ಎದೆ ಹಗುರಾಗುತ್ತದೆಂದು ನಾನು ಮಕ್ಕಳಿಗೆ ಹೇಳುತ್ತ ಬಂದಿದ್ದೆ. ಈಗ ಹೇಳುವುದಿಲ್ಲ.

ಒಂಬತ್ತನೆಯ ದಿನ, ಬುಧವಾರ, ಶಾಲೆಯಿಂದ ಬಂದಾಗ ಶೆಡ್ಡಿನ ಸದ್ದು ಬೇರೆಯಾಗಿ ಕೇಳಿಸಿತು. ಬಾಗಿಲ ಪಕ್ಕದ ಮಗ್ಗ ನಿಲ್ಲದೆ ಓಡುತ್ತಿತ್ತು. ಗುಂಡು ತಾಗಿದ ಕೊನೆಯ ಸುತ್ತು ಮಧ್ಯಾಹ್ನ ದಾಟಿತಂತೆ. ಚಿಕ್ಕಪ್ಪ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ನನ್ನನ್ನು ನೋಡಿದರು. ಎಷ್ಟೋ ವಾರಗಳ ಮೇಲೆ ಕಣ್ಣಿಗೆ ಕಣ್ಣಿಟ್ಟು ನೋಡಿದರು. ಗದ್ದಲದಲ್ಲಿ ಏನೋ ಹೇಳಿದರು, ಕೇಳಿಸಲಿಲ್ಲ. ಗಡಿಯಾರವೂ ಕೇಳಿಸುತ್ತಿರಲಿಲ್ಲ.

ಆ ರಾತ್ರಿ ಮಲಗಿದ್ದಷ್ಟೇ ನೆನಪು. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು.

“ಏಳು ಗಂಟೆ ಆಯ್ತು” ಎಂದರು. “ಸ್ಕೂಲಿಗೆ ಓಗಲ್ವಾ?”